ಹಳೆಯ ಅಂಟು

☸️ *ಇಂದಿನ ಧಮ್ಮ ಚಿಂತನೆ*



ಇಂದು ಬರೆಯುವ ಸರದಿ ನನ್ನದು. ನಮ್ಮ ಮನೆಯ ಒಂದು ಹಳೆಯ ಕ್ಯಾಮೆರಾದಿಂದ ಶುರು ಮಾಡುತ್ತೇನೆ.

ಅಪ್ಪ ಬಿಟ್ಟುಹೋದದ್ದು ಯಾಶಿಕಾ ಮ್ಯಾಟ್ 124 ಜಿ. 1970ರಲ್ಲಿ ಬಂದ ಜಪಾನಿನ ಮಾದರಿ. ಮೇಲೊಂದು, ಕೆಳಗೊಂದು ಲೆನ್ಸ್. ಒಂದು ರೋಲಿಗೆ ಹನ್ನೆರಡು ಚೌಕ ಫೋಟೊ. ನಮ್ಮ ಮನೆತನದಲ್ಲಿ ಚಪ್ಪಲಿ ಹೊಲಿಯುವುದನ್ನು ಬಿಟ್ಟು ಬೇರೆ ಕೆಲಸ ಹಿಡಿದ ಮೊದಲಿಗರು ಅಪ್ಪ. ಮದುವೆ, ನಾಮಕರಣ, ಏಪ್ರಿಲ್ 14ರ ಮೆರವಣಿಗೆ, ಎಲ್ಲವನ್ನೂ ಇದರಲ್ಲೇ ತೆಗೆದರು. ಅವರು ತೀರಿಕೊಂಡ ಮೇಲೆ ಅದು ಅಲ್ಮೇರಾ ಸೇರಿತು. ಕಳೆದ ವರ್ಷ ತೆಗೆದು ನೋಡಿದಾಗ ಶಟರ್ ಇನ್ನೂ ಸರಿಯಾಗಿ ಬೀಳುತ್ತಿತ್ತು. ಆದರೆ ಮೈಮೇಲಿನ ಕಪ್ಪು ರೆಕ್ಸಿನ್ ಒಣಗಿ ಅಂಚೆಲ್ಲ ಎದ್ದಿತ್ತು, ಮುಟ್ಟಿದರೆ ಚೂರಾಗಿ ಕೈಗೆ ಬರುತ್ತಿತ್ತು.

ಅದನ್ನು ಕಿತ್ತು ಎಸೆದೆ. ಹೊಸ ರೆಕ್ಸಿನ್ ತಂದು ಕತ್ತರಿಸಿ ಅಂಟಿಸಿದೆ. ಒಂದೇ ಗಂಟೆಯ ಕೆಲಸ. ಭಾನುವಾರದ ಅಧ್ಯಯನ ಕೂಟಕ್ಕೂ ತಂದು ತೋರಿಸಿದೆ. ಒಬ್ಬರು, "ಚರ್ಮ ಹಾಕಿದ್ದರೆ ಗಟ್ಟಿಯಾಗಿರುತ್ತಿತ್ತಲ್ಲ?" ಎಂದರು. "ಪ್ರಾಣಿಹಿಂಸೆ ಬೇಡವೆಂದು ಬಿಟ್ಟೆ" ಎಂದೆ. ಎಲ್ಲರೂ ಮೆಚ್ಚಿ ತಲೆಯಾಡಿಸಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ರೆಕ್ಸಿನ್ ಗುಳ್ಳೆ ಎದ್ದಿತು.

ಕೊನೆಗೆ ಕಾಕಾನ ಹತ್ತಿರ ಹೋದೆ. ಅಪ್ಪನ ತಮ್ಮ, ಬಸ್ ನಿಲ್ದಾಣದ ಹೊರಗೆ ನಲವತ್ತು ವರ್ಷದಿಂದ ಚಪ್ಪಲಿ ರಿಪೇರಿ ಮಾಡುತ್ತಾರೆ. ಹಗಲು ಅವರು ಕೂರುವ ಜಾಗಕ್ಕೆ ಹೋಗಲಿಲ್ಲ. ರಾತ್ರಿ ಮನೆಗೆ ಹೋದೆ. ಅವರು ರೆಕ್ಸಿನ್ನಿನ ಒಂದು ಮೂಲೆ ಎತ್ತಿ ನೋಡಿ ಹೇಳಿದರು: "ತಮ್ಮಾ, ಹಳೇ ಅಂಟು ಹಂಗೇ ಅದ. ಅದರ ಮ್ಯಾಲೇ ಹೊಸಾದು ಹಚ್ಚೀದಿ. ಹೆಂಗ ಹಿಡೀತದ?"

ಎರಡು ರಾತ್ರಿ ಇಬ್ಬರೂ ಕೂತೆವು. ಲೆನ್ಸಿಗೂ ಸಂದುಗಳಿಗೂ ಟೇಪ್ ಹಚ್ಚಿದೆವು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ, ಚೆನ್ನಾಗಿ ಹಿಂಡಿ, ಹಳೆಯ ಅಂಟಿನ ಮೇಲೆ ಒತ್ತಿ ಹಿಡಿಯಬೇಕು. ನೇರವಾಗಿ ಸುರಿದರೆ ಒಳಗಿಳಿದು ಶಟರ್ ಕೆಡುತ್ತದೆ. ಮೆತ್ತಗಾದ ಅಂಟನ್ನು ಬಿದಿರಿನ ಕಡ್ಡಿಯಿಂದ ಕೆರೆದೆವು. ಕಬ್ಬಿಣದಿಂದ ಕೆರೆದರೆ ಮೈಗೆ ಗೀರು ಬೀಳುತ್ತದೆ. ಹತ್ತಿಯೆಲ್ಲ ಕಂದು ಬಣ್ಣ. ಕೆರೆದಂತೆ ಅಡಿಯಲ್ಲಿದ್ದ ಸಣ್ಣ ಸ್ಕ್ರೂಗಳು ಕಂಡವು. ಮುಂಭಾಗ ಬಿಚ್ಚಿ ಒಳಗಿನ ರಿಪೇರಿ ಮಾಡಬೇಕಾದರೆ ಅವನ್ನೇ ತೆಗೆಯಬೇಕು.

ಆಮೇಲೆ ತೆಳು ಕಾಗದವನ್ನು ಮೈಗೊತ್ತಿ, ಪೆನ್ಸಿಲ್ ಉಜ್ಜಿ ಅಳತೆ ತೆಗೆದೆವು. ಕಾಕಾ ಆಡಿನ ಚರ್ಮವನ್ನು ಕಲ್ಲಿನ ಮೇಲಿಟ್ಟು, ರಂಪಿಗೆಯಿಂದ ಒಂದು ಮಿಲಿಮೀಟರಿಗಿಂತ ತೆಳ್ಳಗೆ ಕೆತ್ತಿದರು. ಅಂಚು ಇನ್ನೂ ತೆಳು. ಸಲ್ಯೂಷನ್ನನ್ನು ಚರ್ಮಕ್ಕೂ ಹಚ್ಚಬೇಕು, ಕ್ಯಾಮೆರಾದ ಮೈಗೂ ಹಚ್ಚಬೇಕು. ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಒಮ್ಮೆ ಕೂರಿಸಿದರೆ ಮುಗಿಯಿತು, ಸರಿಸಲು ಬರುವುದಿಲ್ಲ. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋದರೆ ಗಾಳಿ ಉಳಿಯುವುದಿಲ್ಲ.

ಒತ್ತುತ್ತಲೇ ಕಾಕಾ ಕೇಳಿದರು: "ಹಗಲೊತ್ತು ನನ್ನ ಕಡೆ ಯಾಕ ಬರಲಿಲ್ಲ?"

ನನಗೆ ಉತ್ತರ ಬರಲಿಲ್ಲ. ಬಂಧುಗಳೇ, ಇಂದು ಅದನ್ನು ನಿಮ್ಮೆದುರು ಹೇಳಬೇಕು. ನನ್ನ ಸಹೋದ್ಯೋಗಿಗಳು ಬಸ್ ಇಳಿಯುವುದು ಅಲ್ಲೇ. ಚರ್ಮ ಬೇಡವೆಂದದ್ದೂ ಅದಕ್ಕೇ. ಕರುಣೆಯಿಂದ ಚರ್ಮ ಬಿಟ್ಟವರನ್ನು ನಾನು ಗೌರವಿಸುತ್ತೇನೆ. ನನ್ನಲ್ಲಿದ್ದದ್ದು ಕರುಣೆಯಲ್ಲ, ನಾಚಿಕೆ. ಅದಕ್ಕೆ ಅಹಿಂಸೆಯ ಹೊದಿಕೆ ಹಾಕಿದ್ದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳ ಕ್ರಮವನ್ನು ಮತ್ತೊಮ್ಮೆ ನೋಡಿ. ಮೊದಲ ಎಂಟರಲ್ಲಿ ಹೆಚ್ಚಿನವು ಬಿಡುವ ಮಾತುಗಳು: ಹಳೆಯ ದೇವರುಗಳು, ಅವತಾರದ ನಂಬಿಕೆ, ಶ್ರಾದ್ಧ ಪಿಂಡ, ಪುರೋಹಿತರ ಕೈಯ ಸಂಸ್ಕಾರ. ಒಂಬತ್ತು, ಹತ್ತರಲ್ಲಿ ಸಮಾನತೆ. ಆಮೇಲೆ ಅಷ್ಟಾಂಗ ಮಾರ್ಗ, ಪಾರಮಿತೆಗಳು, ಶೀಲಗಳು. ಕೆರೆಯುವುದು ಮೊದಲು, ಹಚ್ಚುವುದು ನಂತರ.

ನಾನು ದೇವರ ಪಟಗಳನ್ನು ಇಳಿಸಿದ್ದೆ, ಶ್ರಾದ್ಧ ನಿಲ್ಲಿಸಿದ್ದೆ. ಅವು ಬೇಗ ಬಿಟ್ಟುಬರುವ ಅಂಟು. ಆದರೆ ಕೈಯ ಕೆಲಸ ನೋಡಿ ಮನುಷ್ಯನನ್ನು ಅಳೆಯುವ ಬುದ್ಧಿ ಹಾಗೇ ಉಳಿದಿತ್ತು. ಒಂಬತ್ತನೆಯ ಪ್ರತಿಜ್ಞೆ ಅದರ ಮೇಲೆ ಎಲ್ಲಿ ಕೂರಬೇಕು? ಸುಳ್ಳಾಡುವುದಿಲ್ಲವೆಂಬ ಹದಿನೈದನೆಯದನ್ನಂತೂ ಕೂಟದಲ್ಲೇ ಮುರಿದಿದ್ದೆ. ಹೇರಿದ ಕಸುಬನ್ನು ಬಿಡುವುದು ನಮ್ಮ ಹಕ್ಕು. ಆ ಕಸುಬಿನಲ್ಲಿ ಉಳಿದ ನಮ್ಮವರನ್ನು ಮರೆಮಾಡುವುದು ಜಾತಿಯೇ.

ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದ ಪ್ರಸಂಗ ನಿಮಗೆ ಗೊತ್ತು. ಜೊತೆಯಲ್ಲಿ ಕ್ಷೌರಿಕ ಉಪಾಲಿ ಇದ್ದ. ಅವನಿಗೆ ಮೊದಲು ದೀಕ್ಷೆ ಕೊಡಿ, ಆಗ ನಾವು ಅವನಿಗೆ ವಂದಿಸಬೇಕಾಗುತ್ತದೆ, ನಮ್ಮ ಅಹಂಕಾರ ಇಳಿಯುತ್ತದೆ ಎಂದು ಅವರೇ ಭಗವಾನರನ್ನು ಕೇಳಿಕೊಂಡರು. ಚೀವರ ಉಡುವ ಮೊದಲು ತಮ್ಮ ಮೈಗಂಟಿದ್ದು ಏನೆಂದು ಅವರಿಗೆ ತಿಳಿದಿತ್ತು. ಅದೇ ಉಪಾಲಿ ಮುಂದೆ ವಿನಯದಲ್ಲಿ ಎಲ್ಲರಿಗಿಂತ ಬಲ್ಲವನೆನಿಸಿದ.

ಮರುದಿನ ಬೆಳಿಗ್ಗೆ ಎಂಟಕ್ಕೆ, ಬಸ್ಸುಗಳು ಬರುವ ಹೊತ್ತಿಗೇ, ರೋಲ್ ಹಾಕಿಕೊಂಡು ಕಾಕಾ ಕೂರುವ ಜಾಗಕ್ಕೆ ಹೋದೆ. ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಮಟ್ಟಕ್ಕೆ ಹಿಡಿದು ತಲೆ ಬಾಗಿಸಿ ಮೇಲಿನಿಂದ ನೋಡಬೇಕು. ಹಾಗೇ ನೋಡಿದೆ. ಹನ್ನೆರಡರಲ್ಲಿ ಮೊದಲ ಫೋಟೊ ಕಾಕಾನದು, ಕೈಯಲ್ಲಿ ರಂಪಿಗೆ. ಇಬ್ಬರು ಸಹೋದ್ಯೋಗಿಗಳು ಯಾರೆಂದು ಕೇಳಿದರು. "ನಮ್ಮ ಕಾಕಾ" ಎಂದೆ.

*ಇಂದಿನ ಅಭ್ಯಾಸ:* ಸಂಜೆ ಹತ್ತು ನಿಮಿಷ ಸುಮ್ಮನೆ ಕುಳಿತು ಕೇಳಿಕೊಳ್ಳೋಣ. ದೀಕ್ಷೆಯ ನಂತರವೂ ನನ್ನಲ್ಲಿ ಉಳಿದಿರುವ ಹಳೆಯ ಅಂಟು ಯಾವುದು? ಅದಕ್ಕೆ ಯಾವ ಒಳ್ಳೆಯ ಹೆಸರಿಟ್ಟು ಮುಚ್ಚಿದ್ದೇನೆ? ಭಾನುವಾರ ಕೂಟದಲ್ಲಿ ಮಾತಾಡೋಣ. ಕಾಕಾನೂ ಬರುತ್ತಾರೆ.

ನಮೋ ಬುದ್ಧಾಯ, ಜೈ ಭೀಮ್ 🙏