ಬ್ರೋಕರ್ ಯಾರ ಕಡೆ?

ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಹೊರಟ ನಮ್ಮವರು ಸೇರಿದರೆ ಮಾತು ಬಡ್ಡಿ ದರದ ಸುತ್ತಲೇ ಗಿರಕಿ ಹೊಡೆಯುತ್ತದೆ. ಎರಡು ವರ್ಷದ ಫಿಕ್ಸೋ, ಐದು ವರ್ಷದ್ದೋ, ಇನ್ನೊಂದು ತಿಂಗಳು ಕಾದರೆ ಇಳಿಯುತ್ತದೆಯೋ ಎಂದು. ಶೇರ್ಡ್ ಓನರ್‌ಶಿಪ್ ಮನೆಯ ಮಟ್ಟಿಗೆ ಇದೆಲ್ಲ ಆಮೇಲಿನ ಮಾತು. ಆ ದಾರಿಯನ್ನು ಹಾದು ಬಂದ ಮೇಲೆ ನನಗೆ ಖಚಿತವಾಗಿರುವುದು ಒಂದೇ: ಮೊದಲು ಕೇಳಬೇಕಾದ್ದು ನಮ್ಮ ಸಂಬಳದ ಚೀಟಿ ನೋಡುತ್ತಿರುವ ಬ್ರೋಕರ್ ಈ ಹೊತ್ತಿನಲ್ಲಿ ಯಾರ ಕೆಲಸ ಮಾಡುತ್ತಿದ್ದಾರೆ ಎಂದು. ನಮ್ಮದೋ, ಮನೆ ಮಾರುವವರದೋ? ಎದುರಾಗುವ ಬಹುಪಾಲು ತೊಡಕುಗಳು, ಅಂದರೆ ತಡ, ಗೊಂದಲ, ಕೊನೆ ಗಳಿಗೆಯಲ್ಲಿ ಬದಲಾಗುವ ಅಂಕಿ, ಈ ಪ್ರಶ್ನೆಯನ್ನು ಕೇಳದೆ ಬಿಟ್ಟಲ್ಲಿಂದಲೇ ಹುಟ್ಟುತ್ತವೆ.

ವ್ಯವಸ್ಥೆ ಹೀಗಿದೆ. ಹೌಸಿಂಗ್ ಅಸೋಸಿಯೇಷನ್ ಕಟ್ಟಿಸಿದ 3 ಲಕ್ಷ ಪೌಂಡಿನ ಫ್ಲ್ಯಾಟಿನಲ್ಲಿ ಶೇ. 40ರ ಪಾಲು ಕೊಳ್ಳುತ್ತೀರಿ ಎನ್ನಿ. ಪಾಲಿನ ಬೆಲೆ 1,20,000 ಪೌಂಡ್. ಅದರ ಶೇ. 10, ಅಂದರೆ 12,000 ಪೌಂಡ್ ಕೈಯಿಂದ ಹಾಕಿದರೆ ಸಾಲ 1,08,000. ಉಳಿದ 1,80,000 ಪೌಂಡಿನ ಪಾಲು ಅಸೋಸಿಯೇಷನ್ನಿನದು. ಅದಕ್ಕೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 2.75ರ ಲೆಕ್ಕದಲ್ಲಿ ಬಾಡಿಗೆ, ತಿಂಗಳಿಗೆ 412 ಪೌಂಡ್ ಚಿಲ್ಲರೆ. ಸರ್ವಿಸ್ ಚಾರ್ಜಿಗೆ ಮಾತ್ರ ಪಾಲಿನ ಲೆಕ್ಕವಿಲ್ಲ. ಮನೆಯಲ್ಲಿ ನಿಮ್ಮದು ಶೇ. 40 ಆದರೂ ಅದು ಪೂರ್ತಿ ನಿಮ್ಮ ತಲೆಗೆ. ಕುಟುಂಬದ ವಾರ್ಷಿಕ ಆದಾಯ ಲಂಡನ್ನಿನಲ್ಲಿ 90,000, ಉಳಿದೆಡೆ 80,000 ಪೌಂಡ್ ಮೀರಬಾರದು. 2021ರ ಹೊಸ ಮಾದರಿಯ ಲೀಸಿನಲ್ಲಿ ಶೇ. 10ರ ಪಾಲಿನಿಂದಲೂ ಶುರು ಮಾಡಬಹುದು. ಇಷ್ಟು ಸಣ್ಣ ಸಾಲಕ್ಕೆ ಬ್ರೋಕರ್ ಏಕೆ ಎಂದರೆ, ಅಸೋಸಿಯೇಷನ್ನಿಗೆ ಒಂದು ಖಾತರಿ ಬೇಕು. ಈ ಕುಟುಂಬ ಎಷ್ಟು ಪಾಲು ಹೊರಬಲ್ಲದು, ಸಾಲದ ಕಂತು, ಬಾಡಿಗೆ, ಸರ್ವಿಸ್ ಚಾರ್ಜ್ ಕಳೆದು ತಿಂಗಳ ಕೊನೆಗೆ ಏನಾದರೂ ಉಳಿಯುತ್ತದೆಯೇ ಎಂದು. ಈ ಲೆಕ್ಕವನ್ನು ಅನೇಕ ಅಸೋಸಿಯೇಷನ್ನುಗಳು ತಾವು ಗೊತ್ತುಮಾಡಿದ ಬ್ರೋಕರ್ ಕೈಗೆ ಕೊಡುತ್ತವೆ. ಅವರು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಹಿಡಿದು ಮಗುವಿನ ನರ್ಸರಿ ಫೀಸಿನವರೆಗೆ ಎಲ್ಲವನ್ನೂ ನೋಡಿ ‘ಆಗಬಹುದು’ ಎನ್ನುತ್ತಾರೆ. ಅದೇ ಫೋನ್ ಕರೆಯಲ್ಲಿ, ಉಸಿರು ಬಿಡದೆ, ‘ಸಾಲವನ್ನೂ ನಾವೇ ಮಾಡಿಸಿಕೊಡಬಹುದು’ ಎಂಬ ಮಾತೂ ಬರುತ್ತದೆ.

ಅಲ್ಲಿಗೆ ಒಬ್ಬರೇ ಎರಡು ಕುರ್ಚಿಯಲ್ಲಿ ಕೂತಂತಾಯಿತು. ಹೆಣ್ಣಿನ ಕಡೆಗೂ ಗಂಡಿನ ಕಡೆಗೂ ದಳ್ಳಾಳಿ ಒಬ್ಬನೇ ಆದರೆ ಯಾರ ಗುಟ್ಟು ಯಾರ ಮನೆ ಸೇರುತ್ತದೆ ಎಂದು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮೋಸ ನಡೆಯುತ್ತದೆ ಎಂಬುದು ನನ್ನ ದೂರಲ್ಲ. ಬ್ರೋಕರುಗಳು ಹಣಕಾಸು ನಿಯಂತ್ರಣ ಸಂಸ್ಥೆಯಾದ ಎಫ್‌ಸಿಎ ಕಣ್ಣಿನಡಿ ಕೆಲಸ ಮಾಡುವವರು. ನಮಗೆ ಹೊಂದುವ ಸಾಲವನ್ನೇ ಸೂಚಿಸಬೇಕೆಂಬ ನಿಯಮ ಅವರ ಮೇಲಿದೆ. ಆದರೆ ನಿಯಮ ಕಾಯುವುದು ಸಾಲದ ಸಲಹೆಯನ್ನು. ಪಾಲು ಶೇ. 40 ಬೇಡ, ಶೇ. 30 ಸಾಕು ಎಂದು ನಾವು ಅಂದುಕೊಂಡರೆ, ಆ ಮಾತನ್ನು ಅಸೋಸಿಯೇಷನ್ನಿನ ಪರವಾಗಿ ಅಳೆಯುವವರ ಎದುರು ಆಡಬೇಕೇ, ನಮ್ಮ ಸಲಹೆಗಾರರ ಎದುರು ಆಡಬೇಕೇ? ಇಬ್ಬರೂ ಒಬ್ಬರೇ ಆದಾಗ ಅದಕ್ಕೆ ಉತ್ತರವಿಲ್ಲ. ಜೊತೆಗೆ ಅಸೋಸಿಯೇಷನ್ನಿನ ಲೆಕ್ಕ ಬೇರೆ, ಸಾಲ ಕೊಡುವ ಬ್ಯಾಂಕಿನ ಲೆಕ್ಕ ಬೇರೆ. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಎಡವುವುದುಂಟು. ಮೊದಲ ‘ಆಗಬಹುದು’ ಕೇಳಿ ಸಾಲವೇ ಸಿಕ್ಕಿತೆಂದು ತಿಳಿದವರು ರಿಸರ್ವೇಶನ್ ಶುಲ್ಕ ಕಟ್ಟಿ, ಸಾಲಿಸಿಟರ್ ಹಿಡಿದು, ಸರ್ವೆಗೂ ದುಡ್ಡು ತೆತ್ತ ಮೇಲೆ ಬ್ಯಾಂಕಿನಿಂದ ‘ಇಲ್ಲ’ ಎಂಬ ಉತ್ತರ ಬರುತ್ತದೆ.

ಇದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಶೇರ್ಡ್ ಓನರ್‌ಶಿಪ್‌ಗೆ ಎಲ್ಲ ಬ್ಯಾಂಕುಗಳೂ ಸಾಲ ಕೊಡುವುದಿಲ್ಲ. ಕೊಡುವವರಲ್ಲೂ ಒಬ್ಬೊಬ್ಬರದು ಒಂದೊಂದು ಷರತ್ತು: ಕನಿಷ್ಠ ಪಾಲು ಇಷ್ಟಿರಬೇಕು, ಲೀಸ್ ಇಷ್ಟು ವರ್ಷ ಉಳಿದಿರಬೇಕು, ಸಾಲಗಾರ ಕಂತು ತಪ್ಪಿಸಿದರೆ ಬ್ಯಾಂಕಿನ ಹಣಕ್ಕೆ ರಕ್ಷಣೆ ಕೊಡುವ ಕಲಮು ಲೀಸಿನಲ್ಲಿ ಹೀಗೇ ಇರಬೇಕು. ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿ ದುರಂತದ ನಂತರ, ಅಂದರೆ 2017ರ ಬಳಿಕ, ಎತ್ತರದ ಕಟ್ಟಡಗಳ ಹೊರಗೋಡೆಯ ಹೊದಿಕೆಯ ಕಾಗದಪತ್ರವೂ ಈ ಪಟ್ಟಿಗೆ ಸೇರಿತು. ಇದನ್ನೆಲ್ಲ ದಿನವೂ ನೋಡುವ ಬ್ರೋಕರ್‌ಗೆ ಸಾಲ ಕೊಡುವ ಯಾವ ಬ್ಯಾಂಕ್, ಯಾವ ಬಿಲ್ಡಿಂಗ್ ಸೊಸೈಟಿ ಒಪ್ಪುತ್ತದೆ ಎಂದು ತಟ್ಟನೆ ತಿಳಿಯುತ್ತದೆ. ಹೊರಗಿನ ಸಾಮಾನ್ಯ ಬ್ರೋಕರ್ ತಡಕಾಡುತ್ತಾರೆ. ಮೇಲಾಗಿ ಎಕ್ಸ್‌ಚೇಂಜಿಗೆ, ಅಂದರೆ ಕರಾರು ಪತ್ರ ಬದಲಾಯಿಸಿಕೊಳ್ಳುವುದಕ್ಕೆ, ಅಸೋಸಿಯೇಷನ್ ಕೊಡುವ ಗಡುವು ಸಾಮಾನ್ಯವಾಗಿ 28 ದಿನ. ಹಾಗಿರುವಾಗ ಗೊತ್ತಿದ್ದವರನ್ನು ಬಿಟ್ಟು ಬೇರೆಯವರ ಬಳಿ ಹೋಗುವುದು ಜಾಣತನವೇ ಎನ್ನುತ್ತಾರೆ. ಪರಿಣತಿ ಬೇಕೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಈ ಪರಿಣತಿ ಅಸೋಸಿಯೇಷನ್ ಗೊತ್ತುಮಾಡಿದ ಬ್ರೋಕರ್ ಒಬ್ಬರ ಸೊತ್ತಲ್ಲ. ಇದೇ ಕ್ಷೇತ್ರದಲ್ಲಿ ಪಳಗಿದ ಸ್ವತಂತ್ರ ಬ್ರೋಕರುಗಳೂ ಇದ್ದಾರೆ. ಮೊದಲ ಲೆಕ್ಕ ಅಸೋಸಿಯೇಷನ್ನಿನವರ ಬಳಿ ಆದರೂ ಸಾಲವನ್ನು ಅವರ ಮೂಲಕವೇ ಪಡೆಯಬೇಕೆಂಬ ಕಡ್ಡಾಯವಿಲ್ಲ. ಆದರೆ ಮನೆ ಹಂಚುವುದು ‘ಮೊದಲು ಬಂದವರಿಗೆ ಮೊದಲು’ ಎಂಬ ಕ್ರಮದಲ್ಲಿ ಆದಾಗ ಈ ಸ್ವಾತಂತ್ರ್ಯ ಕಾಗದದ ಮೇಲಷ್ಟೇ ಉಳಿಯುತ್ತದೆ. ಸರದಿ ತಪ್ಪುವ ಭಯದಲ್ಲಿ ಯಾರು ತಾನೇ ಎರಡನೆಯ ಅಭಿಪ್ರಾಯ ಕೇಳುತ್ತಾರೆ? ಆದ್ದರಿಂದ ಸ್ವತಂತ್ರ ಬ್ರೋಕರನ್ನು ಮನೆ ನೋಡುವ ಮೊದಲೇ ಹುಡುಕಿಟ್ಟುಕೊಳ್ಳಬೇಕು.

ದುಡ್ಡಿನ ಲೆಕ್ಕವನ್ನೂ ನೋಡಬೇಕು. ಬ್ರೋಕರ್‌ಗೆ ಸಾಲ ಕೊಡುವವರಿಂದ ಬರುವ ಕಮಿಷನ್ ಸಾಲದ ಮೊತ್ತದ ಮೇಲೆ, ಸಾಮಾನ್ಯವಾಗಿ ಅರ್ಧ ಶೇಕಡಾದೊಳಗೆ. ಇಡೀ ಮನೆಯ 2,70,000 ಪೌಂಡಿನ ಸಾಲಕ್ಕಿಂತ 1,08,000ದ ಸಾಲದಲ್ಲಿ ಕೆಲಸ ಹೆಚ್ಚು, ಸಂಪಾದನೆ ಅರ್ಧಕ್ಕಿಂತ ಕಡಿಮೆ. ಕೆಲವರು ನಮ್ಮಿಂದ ಪ್ರತ್ಯೇಕ ಫೀಸು ಕೇಳುವುದಕ್ಕೂ, ಕಡತ ಹಾಕಿದ ಮೇಲೆ ಫೋನಿಗೆ ಸಿಗದಿರುವುದಕ್ಕೂ ಇದೊಂದು ಕಾರಣ ಎಂದು ನನ್ನ ಅಂದಾಜು. ಹಾಗಾಗಿ ಫೀಸು ಎಷ್ಟು, ಯಾವಾಗ ಕೊಡಬೇಕು, ಸಾಲ ಸಿಗದಿದ್ದರೆ ವಾಪಸು ಬರುತ್ತದೆಯೇ, ಇಡೀ ಮಾರುಕಟ್ಟೆ ನೋಡುತ್ತೀರೋ ಆಯ್ದ ಬ್ಯಾಂಕುಗಳನ್ನು ಮಾತ್ರವೋ ಎಂದು ಮೊದಲ ಭೇಟಿಯಲ್ಲೇ ಕೇಳಿದರೆ ಯಾರೂ ಬೇಸರಪಡಬೇಕಾಗಿಲ್ಲ. ಬೇಸರಪಟ್ಟರೆ ಅದೂ ಒಂದು ಉತ್ತರವೇ.

ನಮ್ಮವರಿಗೆ ತೊಡಕು ಇನ್ನೊಂದು ಸುತ್ತು ಹೆಚ್ಚು. ವೀಸಾದ ಮೇಲಿರುವವರಿಗೆ ಸಾಲ ಕೊಡುವ ಬ್ಯಾಂಕುಗಳು ಕೆಲವು. ಶೇರ್ಡ್ ಓನರ್‌ಶಿಪ್‌ಗೆ ಕೊಡುವವು ಇನ್ನು ಕೆಲವು. ಎರಡೂ ಜರಡಿಯಲ್ಲಿ ಉಳಿಯುವವು ಬೆರಳೆಣಿಕೆಯಷ್ಟು, ಅವೂ ವೀಸಾ ಅವಧಿ, ಹೆಚ್ಚಿನ ಡೆಪಾಸಿಟ್ ಎಂದು ಕೇಳಬಹುದು. ಆ ಡೆಪಾಸಿಟ್ ಊರಿನಿಂದ ಬರುವುದಾದರೆ ಕಥೆಯೇ ಬೇರೆ. ಅಪ್ಪ ಸೈಟು ಮಾರಿ ಕಳಿಸಿದ ಹಣಕ್ಕೆ ಕ್ರಯಪತ್ರ, ಅವರ ಬ್ಯಾಂಕ್ ಖಾತೆಯ ವಿವರ, ಇದು ಸಾಲವಲ್ಲ, ಮನೆಯಲ್ಲಿ ನನಗೆ ಹಕ್ಕು ಬೇಡ ಎಂದು ಅವರು ಸಹಿ ಹಾಕಿದ ಪತ್ರ, ಇಷ್ಟನ್ನೂ ಸಾಲಿಸಿಟರ್ ಕೇಳುತ್ತಾರೆ. ಕ್ರಯಪತ್ರದಲ್ಲಿ ಬರೆದದ್ದಕ್ಕೂ ಕೈಗೆ ಬಂದದ್ದಕ್ಕೂ ವ್ಯತ್ಯಾಸವಿದ್ದರೆ (ಇರುವುದೇ ಹೆಚ್ಚು) ವಿವರಿಸುವುದು ಕಷ್ಟ. ವಿದೇಶದಿಂದ ಬಂದ ಉಡುಗೊರೆ ಹಣವನ್ನು ಒಪ್ಪದ ಬ್ಯಾಂಕುಗಳೂ ಇವೆ. ಇವನ್ನು ಬ್ರೋಕರ್ ಅರ್ಜಿ ಹಾಕುವ ಮೊದಲೇ ಕೇಳಬೇಕು. ಕೇಳದವರು ನಮ್ಮ ಕಡತ ಓದಿಲ್ಲ ಎಂದೇ ಅರ್ಥ.

ಕೊನೆಯ ಆಕ್ಷೇಪ: ಬ್ರೋಕರ್ ಕೆಲಸ ಸಾಲ ಕೊಡಿಸುವುದು, ಬಾಡಿಗೆಯ ಕಲಮು ಓದಿ ಹೇಳುವುದು ಸಾಲಿಸಿಟರ್ ಪಾಡು ಎಂಬುದು. ಕೆಲಸದ ಹಂಚಿಕೆಯಾಗಿ ಸರಿ. ಆದರೆ ಸಾಲದ ಕಂತು ಒಂದಲ್ಲ ಒಂದು ದಿನ ಮುಗಿಯುತ್ತದೆ. ಉಳಿದ ಪಾಲನ್ನೆಲ್ಲ ಕೊಳ್ಳದ ಹೊರತು ಬಾಡಿಗೆ ಮುಗಿಯದು, ವರ್ಷ ವರ್ಷ ಏರುತ್ತದೆ. ಹಳೆಯ ಲೀಸುಗಳಲ್ಲಿ ಏರಿಕೆಯನ್ನು ಆರ್‌ಪಿಐ ಬೆಲೆ ಸೂಚ್ಯಂಕಕ್ಕೆ ಕಟ್ಟಿ ಅದರ ಮೇಲೆ ಅರ್ಧ ಶೇಕಡಾ ಸೇರಿಸಿರುವುದು ಸಾಮಾನ್ಯ. ಆ ಸೂಚ್ಯಂಕದ ವಾರ್ಷಿಕ ಏರಿಕೆ 2022ರ ಸೆಪ್ಟೆಂಬರಿನಲ್ಲಿ ಶೇ. 12.6 ಮುಟ್ಟಿತ್ತು. ಆಗ ಅನೇಕ ಅಸೋಸಿಯೇಷನ್ನುಗಳು ತಾವಾಗಿ ಏರಿಕೆಯನ್ನು ಶೇ. 7ಕ್ಕೆ ನಿಲ್ಲಿಸಿದವು, ಲೀಸಿನ ಪ್ರಕಾರ ನಿಲ್ಲಿಸಬೇಕಿರಲಿಲ್ಲ. ವರ್ಷಕ್ಕೆ ಶೇ. 5ರಂತೆ ಏರಿದರೂ ಮೇಲಿನ 412 ಪೌಂಡ್ ಹತ್ತು ವರ್ಷದಲ್ಲಿ 670 ದಾಟುತ್ತದೆ. ಇದನ್ನು ಬದಿಗಿಟ್ಟು ‘ನಿಮಗೆ ಇದು ಭರಿಸಬಹುದಾದ ಸಾಲ’ ಎನ್ನುವುದು ಅರ್ಧ ಲೆಕ್ಕ. ಸಾಲಿಸಿಟರ್ ಕಲಮು ವಿವರಿಸುವ ಹೊತ್ತಿಗೆ ಶುಲ್ಕಗಳೆಲ್ಲ ಕಟ್ಟಿ ಆಗಿರುತ್ತವೆ, ಹಿಂದೆ ಸರಿಯುವ ಮನಸ್ಸೂ ಉಳಿದಿರುವುದಿಲ್ಲ. ಅದಕ್ಕೇ ಬಾಡಿಗೆ ಹೇಗೆ ಏರುತ್ತದೆಂಬ ಕಲಮನ್ನು ರಿಸರ್ವೇಶನ್‌ಗೆ ಮುಂಚೆಯೇ ಅಸೋಸಿಯೇಷನ್ನಿನಿಂದ ಬರವಣಿಗೆಯಲ್ಲಿ ತರಿಸಿ, ಐದು ವರ್ಷದ ಮುಂದಿನ ಬಾಡಿಗೆಯನ್ನೂ ಸೇರಿಸಿ ಲೆಕ್ಕ ಹಾಕಿಕೊಡಿ ಎಂದು ಬ್ರೋಕರನ್ನು ಈಮೇಲಿನಲ್ಲೇ ಕೇಳಬೇಕು. ಮುಂದೆ ತಕರಾರು ಬಂದರೆ ಸಾಲದ ಸಲಹೆಯ ದೂರು ಫೈನಾನ್ಶಿಯಲ್ ಓಂಬುಡ್ಸ್‌ಮನ್ ಬಳಿ, ಅಸೋಸಿಯೇಷನ್ನಿನ ಮೇಲಿನದು ಹೌಸಿಂಗ್ ಓಂಬುಡ್ಸ್‌ಮನ್ ಬಳಿ ಹೋಗುತ್ತದೆ. ಯಾವ ಮಾತನ್ನು ಯಾರ ಪರವಾಗಿ ಆಡಿದ್ದರು ಎಂಬುದಕ್ಕೆ ಆಗ ನಮ್ಮ ಕೈಯಲ್ಲಿರುವ ಪುರಾವೆ ಆ ಈಮೇಲೇ.