ಫ್ಲೂ ಜ್ವರ: ಯಾವ ದಿನ ಏನು ಮಾಡಬೇಕು?

ಬೆಳಿಗ್ಗೆ ಚೆನ್ನಾಗಿಯೇ ಓಡಾಡಿಕೊಂಡಿದ್ದವರು ಸಂಜೆಗೆ ಚಳಿ, ಮೈಕೈ ನೋವೆಂದು ಮಲಗಿಬಿಡುತ್ತಾರೆ. ಫ್ಲೂ ಬರುವುದೇ ಹಾಗೆ. ಈ ಸಂಕಟದ ಬಹುಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆ ಹೊರಡಿಸುವ ಸಂದೇಶಗಳ ಫಲ. ಅವುಗಳ ಜಾಡು ತಿಳಿದರೆ ಆರೈಕೆಯೂ ಸರಿಯಾಗುತ್ತದೆ.

ಮೊದಲು, ಜ್ವರ ಶುರುವಾದ ಹೊತ್ತನ್ನು ಬರೆದಿಡಿ. ಸೋಂಕಿಗೆ ಸಿಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್‌ನಲ್ಲಿ ಇದನ್ನು ಕಂಡುಹಿಡಿದದ್ದು ಫ್ಲೂ ವೈರಸ್ಸಿನ ಪ್ರಯೋಗದಲ್ಲೇ. ವೈರಸ್ಸೂ ಸುಮ್ಮನಿರುವುದಿಲ್ಲ, ಎನ್‌ಎಸ್1 ಎಂಬ ತನ್ನ ಪ್ರೋಟೀನ್‌ನಿಂದ ಆ ಎಚ್ಚರಿಕೆಯನ್ನು ಅದುಮಿ, ಮೊದಲ ದಿನಗಳಲ್ಲೇ ಭರದಿಂದ ಹೆಚ್ಚುತ್ತದೆ. ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಔಷಧಿ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ ಎನ್ನುವುದು ಇದಕ್ಕೇ. ಗರ್ಭಿಣಿಯರು, ಪುಟ್ಟ ಮಕ್ಕಳು, 65 ದಾಟಿದವರು, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಅದೇ ದಿನ ವೈದ್ಯರನ್ನು ಕಾಣಲಿ. ಅಜ್ಜ ಅಜ್ಜಿಯರಿಗೆ ಜ್ವರವೇ ಏರದಿರಬಹುದು. ಊಟ ಬಿಟ್ಟು ಮಂಕಾಗಿ ಕುಳಿತರೂ ಅನುಮಾನಪಡಿ.

ಜ್ವರ ಏರಿಸುವುದು ರೋಗನಿರೋಧಕ ವ್ಯವಸ್ಥೆ ಹೊರಡಿಸುವ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನ್‌ಗಳು. ಮಿದುಳಿನಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಅವು ಮೈಯ ತಾಪಮಾನದ ಮಟ್ಟವನ್ನೇ ಮೇಲಕ್ಕೆ ಒಯ್ಯುತ್ತವೆ. ಪ್ಯಾರಾಸಿಟಮಾಲ್ ಇಳಿಸುವುದು ಆ ಮಟ್ಟವನ್ನು, ವೈರಸ್ಸನ್ನಲ್ಲ. ನೋವಿಗೆ ತಕ್ಕಷ್ಟು, ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡಿ. ಗಂಜಿ, ನೀರು ಆಗಾಗ ಕುಡಿಸಿ. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ, ಮಿದುಳು ಮತ್ತು ಯಕೃತ್ತಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮ್‌ನ ಅಪಾಯವಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯೋಟಿಕ್ ತರುವ ಅಭ್ಯಾಸವನ್ನೂ ಬಿಡಿ, ವೈರಸ್ಸಿನ ಮುಂದೆ ಅದು ನಡೆಯದು.

ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ಜ್ವರ ಬಿಡುತ್ತದೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಸೋಂಕಿತ ಕೋಶಗಳನ್ನು ಕೊಂದು ಶುಚಿ ಮಾಡುವ ಕಾಲವಿದು. ಕೆಮ್ಮು, ಸುಸ್ತು ಎರಡು ವಾರ ಉಳಿದರೂ ಗಾಬರಿ ಬೇಡ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಶಾಲೆಗೆ, ಕೆಲಸಕ್ಕೆ ಹೋಗಬಹುದು.

ನಿಜವಾಗಿ ಕಣ್ಣಿಡಬೇಕಾದದ್ದು ಬಿಟ್ಟ ಜ್ವರ ಮತ್ತೆ ಬಂದಾಗ. ಫ್ಲೂ ಹಾಳುಮಾಡಿದ ಶ್ವಾಸನಾಳದ ಒಳಪದರದಲ್ಲಿ ಬ್ಯಾಕ್ಟೀರಿಯಾ ಬೇರೂರಿ ನ್ಯುಮೋನಿಯಾ ಆಗಿರಬಹುದು. 1918ರ ಫ್ಲೂ ಮಹಾಮಾರಿಯಲ್ಲಿ ಹೆಚ್ಚಿನವರನ್ನು ಬಲಿತೆಗೆದುಕೊಂಡದ್ದು ಈ ಎರಡನೇ ಸೋಂಕೇ. ಇನ್ನು ಕೆಲವರಲ್ಲಿ ಸೈಟೊಕೈನ್‌ಗಳು ಹತೋಟಿ ಮೀರಿ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಫ್ಲೂ ಬಾರದಂತೆ ತಡೆಯುವ ಮಾತು: ಲಸಿಕೆ ಹಾಕಿಸಿದ ಮೇಲೆ ವೈರಸ್ಸಿನ ವಿರುದ್ಧ ಪ್ರತಿಕಾಯ ಮೂಡಲು ಸುಮಾರು ಎರಡು ವಾರ ಬೇಕು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಮನೆಯ ಹಿರಿಯರಿಗೆ ಪ್ರತಿವರ್ಷವೂ ಹಾಕಿಸಿ.