ಬೆಕ್ಕಿಗೂ ಒಂದು ಗೂಡು



ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಪಾಠ ನಡೆದಿತ್ತು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬ ಅವ್ವ ತಡವಾಗಿ ಬಂದರು. ಪಾಟಿ ಹಿಡಿದು ಮೂಲೆಯಲ್ಲಿ ಕುಳಿತರು. ಬಳಪ ಮುಟ್ಟಲಿಲ್ಲ.

"ಯಾಕವ್ವಾ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದೆವು.

"ನನಗೇನೂ ಆಗಿಲ್ರಿ ಅಕ್ಕಾರ. ನಮ್ಮ ಬೆಕ್ಕು ಹೋತ್ರಿ. ನಿನ್ನೆ ರಾತ್ರಿ ಬೀದಿ ನಾಯಿ ಹಿಡಿದು ಹಾಕಿದ್ವು. ಮೂರು ಮರಿ ಅದಾವ್ರಿ. ಈಗ ಓಡಾಡಾಕ ಹತ್ಯಾವು. ಅವ್ವ ಎಲ್ಲಿ ಅಂತ ಹುಡುಕ್ತಾವು."

ಹಿಂದೆ ಕುಳಿತ ಒಬ್ಬ ತಂಗಿ ನಕ್ಕಳು. "ಬೆಕ್ಕು ಹೋದ್ರ ಇನ್ನೊಂದು ಬರ್ತೈತಿ ಬಿಡಬೇ" ಎಂದಳು.

"ಬರ್ತೈತಿ ಖರೆ. ಅಷ್ಟರಾಗ ಮನಿಯಾಗಿನ ಗೋವಿನಜೋಳ ಇಲಿ ಪಾಲಾಕ್ಕೈತಿ" ಎಂದರು ಅವ್ವ.

ಯಾರೂ ಮತ್ತೆ ನಗಲಿಲ್ಲ. ಅವ್ವನ ಮಾತು ಎಲ್ಲರ ಮನೆಯ ಮಾತಾಗಿತ್ತು. ಅವತ್ತು ಬೇರೆ ಪಾಠ ಬಿಟ್ಟು ಬೆಕ್ಕಿನ ಪಾಠ ಮಾಡಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ. ಬನ್ನಿ, ಓದೋಣ.

ಬೆಕ್ಕು ನಮಗೆ ಏನು ಕೊಡುತ್ತದೆ?

ಆಕಳು ಹಾಲು ಕೊಡುತ್ತದೆ. ಕೋಳಿ ಮೊಟ್ಟೆ ಕೊಡುತ್ತದೆ. ಬೆಕ್ಕು ಏನು ಕೊಡುತ್ತದೆ? ಏನೂ ಕೊಡುವುದಿಲ್ಲ ಅನಿಸುತ್ತದೆ. ಆದರೆ ಅದು ನಮ್ಮ ಕಾಳು ಉಳಿಸುತ್ತದೆ.

ನಮ್ಮ ಸೀಮೆ ಕಾಳಿನ ಸೀಮೆ. ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳ ಬೆಳೆಯುತ್ತೇವೆ. ಬ್ಯಾಡಗಿ ಮೆಣಸಿನಕಾಯಿ ದೇಶಕ್ಕೆಲ್ಲ ಗೊತ್ತು. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೆಳೆದ ಕಾಳನ್ನು ಚೀಲ ತುಂಬಿ ಮನೆಯಲ್ಲಿ ಇಡುತ್ತೇವೆ. ಚೀಲ ಇದ್ದಲ್ಲಿ ಇಲಿ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಒಂದು ದೊಡ್ಡ ಇಲಿ ದಿನಕ್ಕೆ ಸುಮಾರು 20 ಗ್ರಾಂ ಕಾಳು ತಿನ್ನುತ್ತದೆ. 30 ದಿನಕ್ಕೆ 600 ಗ್ರಾಂ ಆಯಿತು. ಹತ್ತು ಇಲಿ ಇದ್ದರೆ ಒಂದು ತಿಂಗಳಿಗೆ 6 ಕಿಲೋ. ಇದು ತಿಂದದ್ದರ ಲೆಕ್ಕ ಮಾತ್ರ. ಕಡಿದ ಚೀಲ, ಹೊಲಸು ಮಾಡಿದ ಕಾಳು ಬೇರೆ.

ಮನುಷ್ಯ ಮತ್ತು ಬೆಕ್ಕಿನ ಗೆಳೆತನ ಬಹಳ ಹಳೆಯದು. ಸೈಪ್ರಸ್ ಎಂಬ ದ್ವೀಪ ಇದೆ. ಅಲ್ಲಿ ಸುಮಾರು 9,500 ವರ್ಷ ಹಿಂದಿನ ಒಂದು ಸಮಾಧಿ ಸಿಕ್ಕಿತು. ಅದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಎಲುಬು ಇದ್ದವು. ಅಂದರೆ ಒಕ್ಕಲುತನ ಶುರುವಾದ ಕಾಲದಿಂದಲೂ ಬೆಕ್ಕು ನಮ್ಮ ಜೊತೆ ಇದೆ.

ಬೆಕ್ಕಿಗೆ ಅಪಾಯ ಎಲ್ಲಿಂದ?

ಬೆಕ್ಕು ಮನೆಯಲ್ಲಿ ಹುಲಿ. ಬೀದಿಯಲ್ಲಿ ಇಲಿ. ಹೊರಗೆ ಹೋದ ಬೆಕ್ಕಿಗೆ ಐದು ಅಪಾಯ ಇವೆ.

ಒಂದು, ಬೀದಿ ನಾಯಿಗಳು. ಒಂದು ನಾಯಿ ಬಂದರೆ ಬೆಕ್ಕು ಗಿಡ ಹತ್ತಿ ಉಳಿಯುತ್ತದೆ. ನಾಲ್ಕು ನಾಯಿ ಸುತ್ತುಗಟ್ಟಿದರೆ ಉಳಿಯುವುದು ಕಷ್ಟ. ಸಣ್ಣ ಮರಿ ಅಂತೂ ಉಳಿಯುವುದಿಲ್ಲ.

ಎರಡು, ಗಾಡಿಗಳು. ಪುಣೆ–ಬೆಂಗಳೂರು ಹೆದ್ದಾರಿ ನಮ್ಮ ಜಿಲ್ಲೆಯ ನಡುವೆ ಹೋಗುತ್ತದೆ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ಈ ದಾರಿಯ ಮೇಲಿವೆ. ರಾತ್ರಿ ಲಾರಿಯ ದೀಪ ಕಣ್ಣಿಗೆ ಬಿದ್ದರೆ ಬೆಕ್ಕು ಬೆದರಿ ಅಲ್ಲೇ ನಿಂತುಬಿಡುತ್ತದೆ.

ಮೂರು, ಇಲಿ ಪಾಷಾಣ. ವಿಷ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕೂ ಸಾಯಬಹುದು. ನಾವು ವಿಷ ಇಡದಿದ್ದರೂ ನೆರೆಮನೆಯವರು ಇಟ್ಟಿರಬಹುದು.

ನಾಲ್ಕು, ಗಂಡು ಬೆಕ್ಕು. ಅದು ಎಷ್ಟೋ ಸಲ ಸಣ್ಣ ಮರಿಗಳನ್ನು ಕೊಲ್ಲುತ್ತದೆ. ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ. ಸುಮ್ಮನೆ ತಿರುಗಿಸುವುದಿಲ್ಲ. ಭದ್ರವಾದ ಜಾಗ ಹುಡುಕುತ್ತದೆ.

ಐದು, ಕಾಡು ಪ್ರಾಣಿ. ರಾಣೆಬೆನ್ನೂರಿನ ಹತ್ತಿರ ಕೃಷ್ಣಮೃಗ ಅಭಯಾರಣ್ಯ ಇದೆ. ಅದು 1974ರಲ್ಲಿ ಆಯಿತು. ಅಲ್ಲಿ ಕೃಷ್ಣಮೃಗದ ಜೊತೆ ತೋಳ, ನರಿಯೂ ಇವೆ. ಕಾಡಿನ ಅಂಚಿನ ಊರಲ್ಲಿ ರಾತ್ರಿ ಹೊರಗೆ ಬಿಟ್ಟ ಬೆಕ್ಕಿಗೆ ಇವುಗಳ ಭಯ ಇದ್ದೇ ಇದೆ.

ಬೆಕ್ಕಿನ ಗಾಯ, ನಮ್ಮ ಮಕ್ಕಳ ಜೀವ

ಇದನ್ನು ನಿಧಾನವಾಗಿ, ಎರಡು ಸಲ ಓದಿ.

ಹುಚ್ಚು ನಾಯಿ ಕಚ್ಚಿದರೆ ಬರುವ ರೋಗಕ್ಕೆ ರೇಬೀಸ್ ಎನ್ನುತ್ತಾರೆ. ಹುಚ್ಚು ನಾಯಿ ಬೆಕ್ಕನ್ನು ಕಚ್ಚಿದರೆ ಬೆಕ್ಕಿಗೂ ಈ ರೋಗ ಬರಬಹುದು. ಆ ಬೆಕ್ಕು ಕಚ್ಚಿದರೆ, ಪರಚಿದರೆ ನಮಗೂ ಬರಬಹುದು. ರೋಗದ ಚಿಹ್ನೆ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಎಂದೇ ತಿಳಿಯಬೇಕು. ಆದರೆ ಕಚ್ಚಿದ ಕೂಡಲೇ ಸೂಜಿ ಹಾಕಿಸಿದರೆ ರೋಗ ಬರದಂತೆ ತಡೆಯಬಹುದು.

ನಮಗೆ ಗೊತ್ತಿರುವ ಒಂದು ಮನೆಯ ಮಾತು ಹೇಳುತ್ತೇವೆ. ನಾಯಿ ಕಚ್ಚಿದ ಬೆಕ್ಕನ್ನು ಮನೆಯ ಹುಡುಗ ಎತ್ತಿಕೊಂಡ. ನೋವಿನಿಂದ ಬೆಕ್ಕು ಅವನ ಕೈ ಕಚ್ಚಿತು. ಅಜ್ಜಿ ಗಾಯಕ್ಕೆ ಖಾರದ ಪುಡಿ ಹಚ್ಚಲು ಹೋದಳು. ಹುಡುಗನ ತಾಯಿ ತಡೆದಳು. ಸಾಬೂನು ಹಚ್ಚಿ ನೀರಿನಲ್ಲಿ ತೊಳೆದಳು. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಲ್ಲಾ ಸೂಜಿ ಹಾಕಿಸಿದಳು. ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಆ ತಾಯಿ ಮಾಡಿದ್ದನ್ನು ನಾವೂ ಕಲಿಯೋಣ.

ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ:

1. ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ.
2. ಖಾರದ ಪುಡಿ, ಸುಣ್ಣ, ಅರಿಶಿನ, ಎಲೆಯ ರಸ ಯಾವುದನ್ನೂ ಹಚ್ಚಬೇಡಿ.
3. ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೂಜಿ ಕೊಡುತ್ತಾರೆ.
4. ವೈದ್ಯರು ಬರೆದುಕೊಟ್ಟ ದಿನಗಳಂದು ತಪ್ಪದೆ ಹೋಗಿ. ಒಂದು ಸೂಜಿಯನ್ನೂ ಬಿಡಬೇಡಿ.

"ಹೊಕ್ಕಳ ಸುತ್ತ 14 ಸೂಜಿ ಚುಚ್ತಾರಂತ" ಎಂದು ಕೆಲವರು ಹೆದರುತ್ತಾರೆ. ಅದು ಹಳೆಯ ಮಾತು. ಈಗ ತೋಳಿಗೆ ಹಾಕುತ್ತಾರೆ. ಸೂಜಿಯೂ ಕಡಿಮೆ.

ಬೆಕ್ಕಿಗೂ ಈ ರೋಗದ ಲಸಿಕೆ ಇದೆ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಬೇಕು. ಮುಂದೆ ಯಾವಾಗ ಹಾಕಿಸಬೇಕು ಎಂಬುದನ್ನು ಪಶು ವೈದ್ಯರು ಹೇಳುತ್ತಾರೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಎಷ್ಟೋ ಕಡೆ ಲಸಿಕೆ ಶಿಬಿರ ನಡೆಯುತ್ತವೆ. ಕೇಳಿ ತಿಳಿಯಿರಿ.

ರಾತ್ರಿ ಒಳಗೆ, ಹಗಲು ಗೂಡಿನಲ್ಲಿ

ಅವತ್ತು ಒಬ್ಬ ಅಕ್ಕ ಒಳ್ಳೆಯ ಪ್ರಶ್ನೆ ಕೇಳಿದರು. "ಬೆಕ್ಕನ್ನ ಗೂಡಿನ್ಯಾಗ ಹಾಕಿದ್ರ ಇಲಿ ಹಿಡಿಯೋರು ಯಾರ್ರಿ?"

ಇಲಿ ಓಡಾಡುವುದು ರಾತ್ರಿ. ಕಾಳು ಇರುವುದು ಮನೆಯ ಒಳಗೆ. ಹಾಗಾದರೆ ರಾತ್ರಿ ಬೆಕ್ಕು ಎಲ್ಲಿರಬೇಕು? ಮನೆಯ ಒಳಗೆ ಇರಬೇಕು. ದೀಪ ಹಚ್ಚುವ ಹೊತ್ತಿಗೆ ಬೆಕ್ಕಿಗೆ ಒಳಗೆ ಊಟ ಹಾಕಿ. ಬಾಗಿಲು, ಬೆಳಕಿಂಡಿ ಮುಚ್ಚಿ. ಒಂದು ಮೂಲೆಯಲ್ಲಿ ಬುಟ್ಟಿಯಲ್ಲಿ ಮಣ್ಣು ಅಥವಾ ಬೂದಿ ಇಡಿ. ಹೊಲಸು ಅದರಲ್ಲೇ ಮಾಡುತ್ತದೆ.

ಹಗಲು ನಾವೆಲ್ಲ ಹೊಲಕ್ಕೆ, ಕೂಲಿಗೆ ಹೋಗುತ್ತೇವೆ. ಮನೆಗೆ ಬೀಗ ಬೀಳುತ್ತದೆ. ಬೆಕ್ಕು ಬೀದಿಗೆ ಬೀಳುತ್ತದೆ. ಆ ಹೊತ್ತಿಗೆ ಹಿತ್ತಿಲಲ್ಲಿ ಒಂದು ಗೂಡು ಬೇಕು. ಮರಿಗಳಿದ್ದಾಗ, ಬೆಕ್ಕಿಗೆ ಗಾಯವಾದಾಗ, ಹೊಸ ಬೆಕ್ಕು ತಂದಾಗಲೂ ಗೂಡು ಬೇಕು. ಹೊಸ ಬೆಕ್ಕನ್ನು ಎರಡು ಮೂರು ವಾರ ಹೊರಗೆ ಬಿಡಬಾರದು. ಬಿಟ್ಟರೆ ಹಳೆಯ ಮನೆಗೆ ಹೊರಟು ದಾರಿ ತಪ್ಪುತ್ತದೆ.

ಗೂಡು ಕಟ್ಟೋಣ

ಗೂಡಿಗೆ ಹಿತ್ತಿಲ ಗೋಡೆಯೇ ಒಂದು ಬದಿ ಆಗಲಿ. ಮೂರು ಬದಿ ಮಾತ್ರ ಕಟ್ಟಿದರೆ ಸಾಕು.

ಅಳತೆ ಹೀಗಿರಲಿ. ಉದ್ದ 4 ಮೊಳ. ಅಗಲ 2 ಮೊಳ. ಒಂದು ಮೊಳ ಅಂದರೆ ಒಂದೂವರೆ ಅಡಿ. ಹಾಗಾದರೆ ಉದ್ದ 6 ಅಡಿ, ಅಗಲ 3 ಅಡಿ. ಎತ್ತರ 4 ಅಡಿ ಇರಲಿ.

ಕಂಬಕ್ಕೆ ಬಿದಿರು ಅಥವಾ ಹಳೆಯ ಕಟ್ಟಿಗೆ ಸಾಕು. ಜಾಲರಿ ಮಾತ್ರ ಗಟ್ಟಿ ಇರಬೇಕು. ತೆಳು ಕೋಳಿ ಜಾಲರಿಯನ್ನು ನಾಯಿ ಹರಿಯುತ್ತದೆ. ಬೆಸುಗೆ ಹಾಕಿದ ಜಾಲರಿ ಒಳ್ಳೆಯದು. ಅದರ ಕಣ್ಣು ಒಂದು ಇಂಚಿಗಿಂತ ದೊಡ್ಡದು ಬೇಡ. ತಂತಿಯ ಚೂಪು ತುದಿಗಳನ್ನು ಹೊರಗಡೆ ಮಡಿಸಿ. ಇಲ್ಲದಿದ್ದರೆ ಬೆಕ್ಕಿನ ಕಣ್ಣಿಗೆ ತಾಗುತ್ತದೆ.

ಮೇಲೆ ಅರ್ಧ ಭಾಗಕ್ಕೆ ತಗಡು, ಅರ್ಧ ಭಾಗಕ್ಕೆ ಜಾಲರಿ ಹಾಕಿ. ಮೇಲೆ ತೆರೆದು ಬಿಡಬೇಡಿ. ಬೆಕ್ಕು ಹತ್ತಿ ಹೋಗುತ್ತದೆ. ತಗಡಿನ ಮೇಲೆ ಕಣಿಕೆ ಅಥವಾ ಹುಲ್ಲು ಹೊದಿಸಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಬರೀ ತಗಡು ಹಂಚಿನಂತೆ ಕಾಯುತ್ತದೆ. ಗೂಡು ದಿನವಿಡೀ ನೆರಳು ಬೀಳುವ ಕಡೆಯೇ ಇರಲಿ.

ಕೆಳಗೆ ಸುತ್ತಲೂ ಚಪ್ಪಟೆ ಕಲ್ಲು ಹುಗಿಯಿರಿ. ನಾಯಿ ಕೆರೆದು ಒಳಗೆ ನುಗ್ಗಲು ಆಗುವುದಿಲ್ಲ. ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ ಹಾಕಿ. ಒಂದೇ ಚಿಲಕ ಇದ್ದರೆ ನಾಯಿ ಕೆಳಗಿನಿಂದ ದೂಡಿ ಸಂದು ಮಾಡುತ್ತದೆ.

ಒಳಗೆ ನಾಲ್ಕು ವಸ್ತು ಇರಲಿ. ಮಲಗಲು ಗೋಣಿಚೀಲ ಹಾಸಿದ ಪೆಟ್ಟಿಗೆ. ಹತ್ತಿ ಕೂಡಲು ಒಂದು ಹಲಗೆ. ಕುಡಿಯಲು ನೀರಿನ ಬಟ್ಟಲು. ಹೊಲಸಿಗೆ ಮಣ್ಣಿನ ಬುಟ್ಟಿ. ಎಣ್ಣೆಗೊಬ್ಬರದ ಚೀಲ, ಔಷಧಿ ಹೊಡೆಯುವ ಡಬ್ಬಿ ಬಳಸಬೇಡಿ. ಅವುಗಳಲ್ಲಿ ವಿಷ ಉಳಿದಿರುತ್ತದೆ.

ಜಾಲರಿ ಎಷ್ಟು ಬೇಕು?

ಅಂಗಡಿಗೆ ಹೋಗುವ ಮೊದಲು ನಾವೇ ಲೆಕ್ಕ ಹಾಕೋಣ. 4 ಅಡಿ ಅಗಲದ ಜಾಲರಿ ತರುತ್ತೇವೆ ಎಂದುಕೊಳ್ಳಿ.

ಮುಂದಿನ ಬದಿಗೆ 6 ಅಡಿ.
ಎರಡು ಪಕ್ಕಕ್ಕೆ 3 ಅಡಿ, 3 ಅಡಿ.
ಮೇಲಿನ ಅರ್ಧಕ್ಕೆ 3 ಅಡಿ.
ಒಟ್ಟು 6 + 3 + 3 + 3 = 15 ಅಡಿ.

ಬಾಗಿಲನ್ನು ಮುಂದಿನ ಬದಿಯ ಜಾಲರಿಯಲ್ಲೇ ಕತ್ತರಿಸಿ ಮಾಡಬಹುದು. ಅಡಿಗೆ ಎಷ್ಟು ರೂಪಾಯಿ ಎಂದು ಅಂಗಡಿಯಲ್ಲಿ ಕೇಳಿ. ಅದನ್ನು 15ರಿಂದ ಗುಣಿಸಿ. ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯವರು ಕೊಟ್ಟ ಪಾವತಿಯನ್ನು ಓದಿ ಹೋಲಿಸಿ ನೋಡಿ. ಓದು ಕಲಿತದ್ದು ಇದಕ್ಕೇ ಅಲ್ಲವೇ?

ಗೂಡು ಜೈಲು ಆಗಬಾರದು

ಬೆಕ್ಕನ್ನು ದಿನವಿಡೀ ಸಣ್ಣ ಬುಟ್ಟಿಯ ಕೆಳಗೆ ಕವುಚಿ ಇಡಬಾರದು. ಕುತ್ತಿಗೆಗೆ ಹಗ್ಗ ಕಟ್ಟಿ ಬಿಟ್ಟು ಹೋಗಬಾರದು. ಅದು ಜಿಗಿದರೆ ಹಗ್ಗ ಬಿಗಿದು ಸಾಯುತ್ತದೆ. ಪ್ರಾಣಿಗೆ ಓಡಾಡಲು ಜಾಗವಿಲ್ಲದ ಗೂಡಿನಲ್ಲಿ ಇಡುವುದು ಕಾನೂನಿಗೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹಾಗೆ ಹೇಳುತ್ತದೆ.

ಮೊದಲ ದಿನ ಬೆಕ್ಕು ಕೂಗುತ್ತದೆ. ಬೈಯಬೇಡಿ, ಹೊಡೆಯಬೇಡಿ. ಗೂಡಿನ ಒಳಗೇ ಊಟ ಹಾಕಿ. ಬಾಗಿಲು ತೆರೆದೇ ಇಡಿ. ಮರುದಿನ ಸ್ವಲ್ಪ ಹೊತ್ತು ಮುಚ್ಚಿ. ದಿನ ದಿನಕ್ಕೆ ಹೊತ್ತು ಹೆಚ್ಚಿಸಿ. ಸುಮಾರು ಒಂದು ವಾರದಲ್ಲಿ ರೂಢಿಯಾಗುತ್ತದೆ. ಸಂಜೆ ಮನೆಗೆ ಬಂದ ಕೂಡಲೇ ಬೆಕ್ಕನ್ನು ಒಳಗೆ ಕರೆದುಕೊಳ್ಳಿ.

ಬೆಕ್ಕು ಮರಿ ಹಾಕುವುದು ಬೇಡ ಎಂದರೆ ಪಶು ವೈದ್ಯರ ಬಳಿ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಹಾಗೆ ಮಾಡಿಸಿದ ಬೆಕ್ಕು ದೂರ ಅಲೆಯುವುದೂ ಕಡಿಮೆಯಾಗುತ್ತದೆ.

ಆ ಮೂರು ಮರಿಗಳು ಏನಾದವು?

ಅವ್ವನ ಮನೆಯ ಮರಿಗಳಿಗೆ ಮೆತ್ತಗೆ ಕಲಸಿದ ಅನ್ನ, ಬೇಯಿಸಿದ ಮೊಟ್ಟೆ ತಿನ್ನಿಸಿದರು. ಒಂದು ಮರಿಯನ್ನು ಅವತ್ತು ನಕ್ಕ ತಂಗಿಯೇ ಒಯ್ದಳು. ಇನ್ನೊಂದನ್ನು ನೆರೆಮನೆಯವರು ಒಯ್ದರು. ಮೂರನೆಯದು ಅವ್ವನ ಮನೆಯಲ್ಲೇ ಉಳಿಯಿತು. ಅವರ ಮಗ ಹಳೆಯ ಕಟ್ಟಿಗೆ ಕೂಡಿಸಿ ಗೂಡು ಕಟ್ಟಿಕೊಟ್ಟ. ಜಾಲರಿಯ ಲೆಕ್ಕ ಮಾತ್ರ ಅವ್ವನೇ ಹಾಕಿದರು.

ಮುಂದಿನ ವಾರ ಅವ್ವ ಹೊತ್ತಿಗೆ ಸರಿಯಾಗಿ ಬಂದರು. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ನಮಗೆ ತೋರಿಸಿದರು: "ನಮ್ಮ ಬೆಕ್ಕು ಗೂಡಿನಲ್ಲಿ ಇದೆ."

ಒಂದೂ ತಪ್ಪು ಇರಲಿಲ್ಲ.

ಮಾತಾಡೋಣ, ಬರೆಯೋಣ

1. ನಿಮ್ಮ ಮನೆಯ ಬೆಕ್ಕು ಹಗಲು ಎಲ್ಲಿರುತ್ತದೆ? ರಾತ್ರಿ ಎಲ್ಲಿರುತ್ತದೆ?
2. ಬೆಕ್ಕು ಕಚ್ಚಿದರೆ ಮೊದಲು ಏನು ಮಾಡಬೇಕು? ಏನು ಹಚ್ಚಬಾರದು?
3. ಐದು ಇಲಿಗಳು ಒಂದು ತಿಂಗಳಿಗೆ ಎಷ್ಟು ಕಾಳು ತಿನ್ನುತ್ತವೆ? ಲೆಕ್ಕ ಮಾಡಿ.
4. ಗೂಡಿನ ಉದ್ದ 5 ಮೊಳ ಆದರೆ ಎಷ್ಟು ಅಡಿ?
5. ಈ ಪದಗಳನ್ನು ಬರೆಯಿರಿ: ಬೆಕ್ಕು, ಗೂಡು, ಜಾಲರಿ, ಚಿಲಕ, ಲಸಿಕೆ, ಆಸ್ಪತ್ರೆ.